ತೆಳು ಕೇಬಲ್‌ನಲ್ಲಿ ಕರೆಂಟ್ ಬೇಗ ಓಡುತ್ತದೆಯೇ?

ಪ್ರಶ್ನೆ: ನಮ್ಮ ಬೋರ್‌ವೆಲ್ ಮೋಟರ್ 1000 ಅಡಿ ಕೆಳಗಿದೆ. ತೆಳು ಕೇಬಲ್ ಹಾಕಿದರೆ ಎಲೆಕ್ಟ್ರಾನ್‌ಗಳು ವೇಗವಾಗಿ ಹರಿದು ಕರೆಂಟ್ ಹೆಚ್ಚುತ್ತದೆಯೇ? ಪೈಪಿನ ಬಾಯಿ ಒತ್ತಿದರೆ ನೀರು ಚಿಮ್ಮುವುದಿಲ್ಲವೇ?
– ರೈತರೊಬ್ಬರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಇಲ್ಲ, ಹಾಗೆ ಮಾಡಲೇಬೇಡಿ. ಕರೆಂಟ್ ಎಂದರೆ ಎಲೆಕ್ಟ್ರಾನ್ ಸಾಂದ್ರತೆ, ಒಂದು ಎಲೆಕ್ಟ್ರಾನಿನ ವಿದ್ಯುದಂಶ, ತಂತಿಯ ಅಡ್ಡಕೊಯ್ತ (ಕತ್ತರಿಸಿದ ಮುಖದ ವಿಸ್ತೀರ್ಣ), ಸಾಗುವ ವೇಗ – ಇವುಗಳ ಗುಣಲಬ್ಧ. ಪೈಪಿನ ಬಾಯಿ ಒತ್ತಿದಂತೆ ವೇಗ ಹೆಚ್ಚಿದರೂ ಅಡ್ಡಕೊಯ್ತ ಕುಗ್ಗಿರುತ್ತದೆ, ಹಾಗಾಗಿ ಕರೆಂಟ್ ಹೆಚ್ಚುವುದಿಲ್ಲ. ತಾಮ್ರದ ಒಂದು ಘನ ಮೀಟರಿನಲ್ಲಿ 8.5×10²⁸ ಸ್ವತಂತ್ರ ಎಲೆಕ್ಟ್ರಾನ್‌ಗಳಿವೆ. ಹಾಗಾಗಿ 4 ಚದರ ಮಿ.ಮೀ. ತಂತಿಯಲ್ಲಿ 10 ಆಂಪಿಯರ್ ಹರಿಯಲು ಸೆಕೆಂಡಿಗೆ 0.18 ಮಿ.ಮೀ. ವೇಗ ಸಾಕು. ಎಸಿಯಲ್ಲಂತೂ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಎಲೆಕ್ಟ್ರಾನ್‌ಗಳು ನಿಂತಲ್ಲೇ ಹಿಂದೆ ಮುಂದೆ ಅಲುಗುತ್ತವೆ ಅಷ್ಟೆ. ಮೋಟರ್ ತಕ್ಷಣ ತಿರುಗುವುದು ವಿದ್ಯುತ್ ಕ್ಷೇತ್ರ ಕ್ಷಣದಲ್ಲಿ ತಲುಪುವುದರಿಂದ.

ತಂತಿ ಸಣ್ಣದಾದರೆ ರೋಧ (ಕರೆಂಟಿಗೆ ಒಡ್ಡುವ ಅಡ್ಡಿ) ಏರುತ್ತದೆ. 1000 ಅಡಿಗೆ 4 ಚದರ ಮಿ.ಮೀ. ತಾಮ್ರದ ಒಂದೊಂದು ಎಳೆಯ ರೋಧ ಸುಮಾರು 1.3 ಓಮ್, 2.5ಕ್ಕೆ ಇಳಿಸಿದರೆ 2.1 ಓಮ್. ತ್ರೀ ಫೇಸ್‌ನಲ್ಲಿ 10 ಆಂಪಿಯರ್‌ಗೆ ವೋಲ್ಟೇಜ್ ನಷ್ಟ ಸುಮಾರು 18ರಿಂದ 29 ವೋಲ್ಟಿಗೆ ಜಿಗಿಯುತ್ತದೆ. ವೋಲ್ಟೇಜ್ ಕುಸಿದಾಗ, ಅದೇ ಹೊರೆ ಎತ್ತಲು ಮೋಟರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಕೊನೆಗೆ ವೈಂಡಿಂಗ್ (ಮೋಟರ್ ಒಳಗಿನ ತಂತಿ ಸುರುಳಿ) ಸುಡುತ್ತದೆ.

ಅಲ್ಯೂಮಿನಿಯಂನಲ್ಲಿ ಸ್ವತಂತ್ರ ಎಲೆಕ್ಟ್ರಾನ್‌ಗಳು ತಾಮ್ರದ ಎರಡರಷ್ಟಿವೆ. ಆದರೂ ಅವು ಪದೇ ಪದೇ ಡಿಕ್ಕಿ ಹೊಡೆಯುವುದರಿಂದ ರೋಧ 1.6 ಪಟ್ಟು. ಆ ಕೇಬಲ್ ಹಾಕುವುದಾದರೆ 4ರ ಬದಲು 6 ಸಾಲದು, 10 ಚದರ ಮಿ.ಮೀ. ತೆಗೆದುಕೊಳ್ಳಿ. ಮೋಟರ್ ಓಡುವಾಗ ಸ್ಟಾರ್ಟರ್‌ನಲ್ಲಿ ಮೂರೂ ಫೇಸ್‌ನ ಆಂಪಿಯರ್ ಅಳೆದು ಮೋಟರ್ ಫಲಕದ ಅಂಕಿಯೊಂದಿಗೆ ಹೋಲಿಸಿ.