ನೆರಳಿಲ್ಲದ ದಿನ ಅಂದರೇನು? ಮನೆಯಲ್ಲೇ ನೋಡುವುದು ಹೇಗೆ?

ದಿನಾ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಬರುತ್ತಾನೆ ಅನ್ನುವುದು ಬರೀ ಮಾತಿಗೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಲ್ಲಿ ವರ್ಷಕ್ಕೆ ಎರಡೇ ದಿನ ಹಾಗಾಗುತ್ತದೆ. ಆಗ ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ, ಅದೇ ನೆರಳಿಲ್ಲದ ದಿನ. ದೆಹಲಿಗೆ ಆ ಭಾಗ್ಯವೇ ಇಲ್ಲ. ಸುಮಾರು 13 ಡಿಗ್ರಿ ಅಕ್ಷಾಂಶದ ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಬೀದರ್‌ನಲ್ಲಿ ಮೇ ಎರಡನೇ ವಾರ.

ಗಡಿಯಾರದ 12 ಗಂಟೆಗೆ ಕಾದು ಕೂತರೆ ನಿರಾಶೆ ಖಂಡಿತ. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ, ಇಲ್ಲಿ ಸೂರ್ಯ ನೆತ್ತಿಗೆ ಬರುವುದು ತಡ. ಹಾಗಾಗಿ ಏಪ್ರಿಲ್‌ನಲ್ಲಿ ಸುಮಾರು 12:18ಕ್ಕೆ, ಆಗಸ್ಟ್‌ನಲ್ಲಿ 12:23ಕ್ಕೆ ನೋಡಬೇಕು. ಮಂಗಳೂರಿನವರು ಇದಕ್ಕೆ 11 ನಿಮಿಷ ಸೇರಿಸಿಕೊಳ್ಳಿ.

30 ಸೆಂ.ಮೀ. ಪಿವಿಸಿ ಪೈಪ್ ತುಂಡನ್ನು ತಾರಸಿಯಲ್ಲಿ ಬಿಳಿ ಹಾಳೆಯ ಮೇಲೆ ನಿಲ್ಲಿಸಿ. ಹೊರಗೆ ನೆರಳು ಮಾಯವಾಗಿ, ಒಳಗೆ ತಳದಲ್ಲಿ ಪೂರ್ತಿ ದುಂಡಗೆ ಬಿಸಿಲು ಬೀಳುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ತಾರಸಿಗೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಪೈಪ್ ಒಂದೇ ಡಿಗ್ರಿ ವಾಲಿದರೂ 5 ಮಿ.ಮೀ. ನೆರಳು ಉಳಿಯುತ್ತದೆ. ಸ್ಪಿರಿಟ್ ಲೆವೆಲ್ (ಮಟ್ಟ ನೋಡುವ ಸಾಧನ) ಇಟ್ಟು ನೋಡಿ, ಅಡಿಗೆ ರಟ್ಟು ಕೊಡಿ.

ಅಂದು ಮೋಡವಿದ್ದರೆ ಮರುದಿನ ನೋಡಬಹುದು, ವ್ಯತ್ಯಾಸ ಎರಡು ಮಿ.ಮೀ. ಒಳಗೇ.