ಆರಕ್ಕೆ ಮೂರು ಬಂದ ಪ್ರಬಂಧ: ಸಂಪಾದಕರ ಉತ್ತರ

ಪತ್ರ: ಮಗಳು 11ನೇ ತರಗತಿ. ಮೇ ತಿಂಗಳಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಇಲ್ಲಿ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಇಂಗ್ಲಿಷ್ ಲ್ಯಾಂಗ್ವೇಜ್ ಅಂಡ್ ಕಾಂಪೊಸಿಷನ್ ಪರೀಕ್ಷೆ ಇದೆ. ಶಾಲೆಯಲ್ಲಿ ಬರೆದ ಅಭ್ಯಾಸ ಪ್ರಬಂಧಗಳಿಗೆಲ್ಲ 6ಕ್ಕೆ 3 ಬರುತ್ತಿದೆ. ಇಲ್ಲಿಯ ಕೋಚಿಂಗ್ ಕೇಂದ್ರದವರು 20 ತರಗತಿಗಳ ಪ್ಯಾಕೇಜ್ ಹೇಳುತ್ತಿದ್ದಾರೆ; ಟೆಂಪ್ಲೇಟ್ ಕೊಡುತ್ತಾರಂತೆ, ಇಡೀ ಪರೀಕ್ಷೆಗೆ ಸಿಗುವ ಅತ್ಯುನ್ನತ ದರ್ಜೆಯಾದ 5 ಗ್ಯಾರಂಟಿಯಂತೆ. ಮನೆಯಲ್ಲಿ ಕನ್ನಡವನ್ನೇ ಆಡಿದ್ದರಿಂದ ಅವಳ ಇಂಗ್ಲಿಷ್ ಹಿಂದೆ ಬಿತ್ತೇನೋ ಎಂದು ನಮ್ಮ ಯಜಮಾನರಿಗೆ ಅನುಮಾನ. ಟ್ಯೂಷನ್ ಹಾಕಿಸಬೇಕೇ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಮೊದಲು ನಿಮ್ಮ ಯಜಮಾನರ ಅನುಮಾನ ಮುಗಿಸಿಬಿಡೋಣ, ಇಂಥವು ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದು ಕಷ್ಟ. ವ್ಯಾಕರಣದ ಬಗ್ಗೆ ಈ ಪರೀಕ್ಷೆಯ ಅಂಕಸೂಚಿ ಹೇಳುವುದು ಇಷ್ಟು: ಹೇಳಹೊರಟದ್ದೇ ಅರ್ಥವಾಗದಷ್ಟು ತಪ್ಪುಗಳಿದ್ದರೆ, ಪುರಾವೆ ಮತ್ತು ವಿವರಣೆಗೆ ಇಟ್ಟ 4 ಅಂಕಗಳಲ್ಲಿ ಕೊನೆಯದು ಸಿಗುವುದಿಲ್ಲ. ಅಲ್ಲೇ ಶಾಲೆ ಕಲಿತ ಹುಡುಗಿ ಈ ಗುಂಪಿಗೆ ಸೇರುವುದಿಲ್ಲ. ಊಟದ ಹೊತ್ತಿಗೆ ಕನ್ನಡ ಆಡಿದ ತಪ್ಪಿಗೆ ಮೂರು ಅಂಕ ಹೋಗಿಲ್ಲ ತಾಯೀ, ಧೈರ್ಯವಾಗಿ ಆಡುತ್ತಿರಿ.

ಹಾಗಾದರೆ ಎಲ್ಲಿ ಹೋಯಿತು? ಪ್ರತಿ ಪ್ರಬಂಧಕ್ಕೆ 6 ಅಂಕ. ನಿಲುವು ಸ್ಪಷ್ಟವಾಗಿದ್ದರೆ 1, ಪುರಾವೆ ಮತ್ತು ಅದರ ವಿವರಣೆಗೆ 4, ವಿಚಾರದ ಪ್ರೌಢಿಮೆಗೆ 1. ಇದು 2019-20ರಿಂದ ಬಂದ ಕ್ರಮ. ಮೊದಲು 9ಕ್ಕೆ ಒಟ್ಟಾರೆ ನೋಡಿ ಹಾಕುತ್ತಿದ್ದರು. ಸದಾ 3 ಬರುವ ಮಕ್ಕಳ ಲೆಕ್ಕ ಬಿಡಿಸಿದರೆ ಸಾಮಾನ್ಯವಾಗಿ ಸಿಗುವುದು 1-2-0. ಅಂದರೆ ನಿಲುವಿದೆ, ಪುರಾವೆಯೂ ಇದೆ, ಆದರೆ ಆ ಪುರಾವೆ ಆ ನಿಲುವನ್ನು ಹೇಗೆ ಎತ್ತಿಹಿಡಿಯುತ್ತದೆ ಎಂಬ ಮಾತು ಅಲ್ಲೊಂದು ಇಲ್ಲೊಂದು ಇದ್ದರೂ ಅದು ಒಂದು ವಾದದ ಎಳೆಯಾಗಿ ಕೂಡಿಲ್ಲ. ಶಾಲೆಯ ಶಿಕ್ಷಕರಿಂದ ಈ ಮೂರು ಸಾಲುಗಳ ಅಂಕಗಳನ್ನು ಬೇರೆ ಬೇರೆಯಾಗಿ ಕೇಳಿ ಪಡೆಯಿರಿ. ಅದು ಕೈಗೆ ಬರುವ ಮುನ್ನ ಯಾವ ಕೇಂದ್ರಕ್ಕೂ ಚೆಕ್ ಬರೆಯಬೇಡಿ.

ಊರಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಪರೀಕ್ಷೆಯ ಸ್ವರೂಪ ಹೇಳಿಬಿಡುತ್ತೇನೆ. ನಡೆಸುವುದು ಕಾಲೇಜ್ ಬೋರ್ಡ್ ಎಂಬ ಅಮೆರಿಕದ ಸಂಸ್ಥೆ, ಅವಧಿ ಮೂರೂಕಾಲು ಗಂಟೆ. ಮೊದಲ 60 ನಿಮಿಷದಲ್ಲಿ 45 ಬಹು ಆಯ್ಕೆಯ ಪ್ರಶ್ನೆಗಳು, ಒಟ್ಟು ಅಂಕದ ಶೇ 45. ತಪ್ಪಿಗೆ ಕಡಿತವಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಉಳಿದ ಎರಡೂಕಾಲು ಗಂಟೆಯಲ್ಲಿ ಮೂರು ಪ್ರಬಂಧ, ಶೇ 55. ಒಂದರಲ್ಲಿ ಆರು ಆಕರಗಳನ್ನು ಕೊಟ್ಟು, ಕನಿಷ್ಠ ಮೂರನ್ನು ಬಳಸಿ ವಾದ ಕಟ್ಟಲು ಹೇಳುತ್ತಾರೆ. ಇನ್ನೊಂದರಲ್ಲಿ ಯಾರದೋ ಭಾಷಣ, ಪತ್ರ ಅಥವಾ ಲೇಖನ ಕೊಟ್ಟು, ಬರೆದವರು ಓದುಗರನ್ನು ಒಲಿಸಿಕೊಳ್ಳಲು ಏನು ಮಾಡಿದ್ದಾರೆ ಎಂದು ಬಿಡಿಸಿ ಹೇಳಬೇಕು. ಮೂರನೆಯದು ಶುದ್ಧ ವಾದ: ವಿಷಯ ಅವರದು, ಪುರಾವೆ ಪೂರ್ತಿ ನಿಮ್ಮದು. 2025ರಿಂದ ಎಲ್ಲವೂ ಕಂಪ್ಯೂಟರ್ ಮೇಲೆ, ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ. ಆದ್ದರಿಂದ ಮನೆಯ ಅಭ್ಯಾಸವೂ ಟೈಪ್ ಮಾಡಿಯೇ ಆಗಲಿ.

ಟ್ಯೂಟರ್‌ಗಳನ್ನು ಸಾರಾಸಗಟಾಗಿ ಬೈಯುವವನು ನಾನಲ್ಲ. ಒಂದು ತರಗತಿಯಲ್ಲಿ 30 ಮಕ್ಕಳಿದ್ದರೆ ಶಿಕ್ಷಕರು ಪ್ರತಿ ಪ್ರಬಂಧದ ಪಕ್ಕ ಕೂತು ಮಾತಾಡಲಾರರು. ಆ ಕೆಲಸಕ್ಕೆ ಇನ್ನೊಂದು ಜೊತೆ ಕಣ್ಣು ಬೇಕಾಗುತ್ತದೆ, ನಿಜ. 2005ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಟ್ಯೂಟರ್‌ವಿಸ್ಟಾ ಅಮೆರಿಕದ ಮಕ್ಕಳಿಗೆ ಇಂಟರ್ನೆಟ್ ಮೂಲಕ ಪಾಠ ಹೇಳಿ ಹೆಸರು ಮಾಡಿತು. ಬೇಡಿಕೆ ಸುಳ್ಳಲ್ಲ. ನನ್ನ ತಕರಾರು ಟೆಂಪ್ಲೇಟ್ ಮಾರುವವರ ಮೇಲೆ.

ಟೆಂಪ್ಲೇಟ್ ಏನು ಮಾಡುತ್ತದೆ ನೋಡಿ. 2019ರ ಪ್ರಶ್ನೆಪತ್ರಿಕೆಯಲ್ಲಿ ವಿಶ್ಲೇಷಣೆಗೆ ಕೊಟ್ಟದ್ದು ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ 1930ರ ಮಾರ್ಚ್ 2ರಂದು ಬರೆದ ಪತ್ರದ ಕೊನೆಯ ಭಾಗ. ಉಪ್ಪಿನ ಸತ್ಯಾಗ್ರಹಕ್ಕೆ ಹತ್ತು ದಿನ ಮುಂಚಿನ ಮಾತು. ಟೆಂಪ್ಲೇಟ್ ಕಲಿತ ಮಗು ಬರೆಯುವುದು ಹೀಗೆ: ‘ಗಾಂಧಿ ತಮ್ಮ ಉದ್ದೇಶ ಸಾಧಿಸಲು ಪದಗಳ ಆಯ್ಕೆ, ವಾಕ್ಯರಚನೆ ಮತ್ತು ಭಾವನೆಗಳನ್ನು ಪರಿಣಾಮಕಾರಿಯಾಗಿ ಬಳಸುತ್ತಾರೆ.’ 2016ರ ಪತ್ರಿಕೆಯಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ರೇಗನ್‌ಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಥ್ಯಾಚರ್ ಸಲ್ಲಿಸಿದ ಶ್ರದ್ಧಾಂಜಲಿ ಬಂದಿತ್ತು. ಗಾಂಧಿ ಇದ್ದಲ್ಲಿ ಥ್ಯಾಚರ್ ಹೆಸರಿಡಿ, ಒಂದಕ್ಷರ ಬದಲಿಸಬೇಕಿಲ್ಲ! ಯಾರಿಗೆ ಬೇಕಾದರೂ ಹೊಂದುವ ವಾಕ್ಯ ಯಾರ ಬಗ್ಗೆಯೂ ಏನನ್ನೂ ಹೇಳಿರುವುದಿಲ್ಲ. ಆಮೇಲೆ ಪದಗಳಿಗೊಂದು ಪ್ಯಾರಾ, ವಾಕ್ಯಕ್ಕೊಂದು ಪ್ಯಾರಾ, ಭಾವನೆಗೊಂದು ಪ್ಯಾರಾ. ಮೂರರ ಕೊನೆಯಲ್ಲೂ ‘ಇದರಿಂದ ಓದುಗರ ಮನಸ್ಸಿಗೆ ತಟ್ಟುತ್ತದೆ’. ಮಧ್ಯದ ಸಾಲಿನಲ್ಲಿ 2 ಅಂಕ ಬಂದು ನಿಲ್ಲುವುದು ಇಲ್ಲೇ.

ಅದೇ ಪತ್ರವನ್ನು ಸುಮ್ಮನೆ ಓದಿ. ಕಾನೂನು ಮುರಿಯಲು ಹೊರಟ ಮನುಷ್ಯ, ಈ ತಿಂಗಳ 11ರಂದು ಹೊರಡುತ್ತೇನೆ ಎಂದು ದಿನಾಂಕವನ್ನೇ ತಿಳಿಸುತ್ತಾನೆ. ಬಂಧಿಸಿ ತಡೆಯುವುದು ನಿಮ್ಮ ಕೈಯಲ್ಲಿದೆ ಎಂದು ದಾರಿಯನ್ನೂ ತೋರಿಸುತ್ತಾನೆ. ಇದು ಬೆದರಿಕೆಯಲ್ಲ, ಕರ್ತವ್ಯ ಎನ್ನುತ್ತಾನೆ. ಯಾಕೆ? ಗುಟ್ಟಾಗಿ ಮಾಡಿದ್ದರೆ ಅದು ಒಳಸಂಚು, ಪೊಲೀಸರು ನೋಡಿಕೊಳ್ಳುತ್ತಾರೆ. ಮೊದಲೇ ಹೇಳಿಬಿಟ್ಟರೆ ಮುಂದಿನ ಹೆಜ್ಜೆಯ ಹೊಣೆ ಇರ್ವಿನ್‌ನ ಹೆಗಲಿಗೆ ಬೀಳುತ್ತದೆ: ಬಂಧಿಸಿದರೆ ಸೌಜನ್ಯದಿಂದ ಬರೆದವನನ್ನು ಬಂಧಿಸಿದ ಹಾಗೆ, ಬಿಟ್ಟರೆ ಕಾನೂನು ಮುರಿಯಲು ಬಿಟ್ಟ ಹಾಗೆ. ಅಹಿಂಸೆಯ ಹಾದಿ ಹುಚ್ಚು ಸಾಹಸವೆನಿಸಬಹುದು ಎಂದು ಎದುರಾಳಿಗಿಂತ ಮುಂಚೆ ತಾವೇ ಒಪ್ಪಿಕೊಳ್ಳುವುದೂ ಇದೇ ಜಾಣ್ಮೆಯ ಇನ್ನೊಂದು ಮುಖ. ಎರಡನ್ನೂ ಒಂದೇ ಎಳೆಯಲ್ಲಿ ಪೋಣಿಸಿ ‘ಯಾಕೆಂದರೆ’ ಎಂದು ಬರೆದ ಮಗುವಿಗೆ ಮೂರನೆಯ, ನಾಲ್ಕನೆಯ ಅಂಕ. ಅಲಂಕಾರಗಳ ಗ್ರೀಕ್ ಹೆಸರು ಒಂದೂ ಬೇಕಾಗಲಿಲ್ಲ, ಗಮನಿಸಿ. ಅಂದಹಾಗೆ, ಆ ಪತ್ರವನ್ನು ವೈಸ್‌ರಾಯ್‌ಗೆ ತಲುಪಿಸಲು ಗಾಂಧಿ ಆರಿಸಿದ್ದು ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ತರುಣನನ್ನು. ಅದೂ ವಾದವೇ, ಕಾಗದದಿಂದ ಹೊರಗಿನದು.

ಇದನ್ನು ಕಲಿಯುವುದು ಹೇಗೆ? ಹಳೆಯ ಉಪಾಯವೊಂದಿದೆ. ಬೆಂಜಮಿನ್ ಫ್ರಾಂಕ್ಲಿನ್ ಬಾಸ್ಟನ್ನಿನ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಒಂದು ಸಂಪುಟ ಕೈಗೆ ಸಿಕ್ಕಿತು. ಮೆಚ್ಚಿದ ಪ್ರಬಂಧದ ಒಂದೊಂದು ವಾಕ್ಯದ ಭಾವವನ್ನು ಚುಟುಕಾಗಿ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ ತನ್ನ ಮಾತಿನಲ್ಲಿ ಮತ್ತೆ ಬರೆದು, ಮೂಲದ ಪಕ್ಕ ಇಟ್ಟು ತಪ್ಪು ಹುಡುಕುತ್ತಿದ್ದನಂತೆ. ಕೆಲವೊಮ್ಮೆ ಗುರುತುಗಳನ್ನು ಬೇಕೆಂದೇ ಕಲಸಿ ವಾರಗಟ್ಟಲೆ ಬಿಟ್ಟು ಮತ್ತೆ ಕ್ರಮಕ್ಕೆ ತರುತ್ತಿದ್ದ, ವಿಚಾರದ ಜೋಡಣೆ ಕಲಿಯಲಿಕ್ಕೆ. ಇದನ್ನೆಲ್ಲ ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ. ನಿಮ್ಮ ಮಗಳಿಗೆ ಸ್ಪೆಕ್ಟೇಟರ್ ಬೇಡ. ಹಿಂದಿನ ವರ್ಷಗಳ ಪ್ರಶ್ನೆಗಳು, ವಿದ್ಯಾರ್ಥಿಗಳು ನಿಜವಾಗಿ ಬರೆದ ಉತ್ತರಗಳು, ಪ್ರತಿಯೊಂದಕ್ಕೂ ಆ ಅಂಕ ಯಾಕೆ ಬಂತೆಂಬ ಟಿಪ್ಪಣಿ, ಇಷ್ಟನ್ನೂ ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಪುಕ್ಕಟೆ ಇಟ್ಟಿದೆ. 6 ಪಡೆದ ಒಂದು ಉತ್ತರ, 3 ಪಡೆದ ಒಂದು ಉತ್ತರ ತೆಗೆದು ಅಕ್ಕಪಕ್ಕ ಇಡಿ. 3ರ ಉತ್ತರದ ಒಂದು ಪ್ಯಾರಾವನ್ನು ಅವಳೇ 6ರ ಮಟ್ಟಕ್ಕೆ ಏರಿಸಲಿ. ಹೊಸ ಪ್ರಬಂಧ ಹತ್ತು ಬರೆಯುವುದಕ್ಕಿಂತ ಹಳೆಯ ಮೂರನ್ನು ಎರಡೆರಡು ಸಲ ತಿದ್ದಿ ಬರೆಯುವುದು ಮೇಲು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಹಳೆಯ ಓದುಗರು ನಗುತ್ತಿರಬಹುದು, ನಗಲಿ.

ತಂದೆತಾಯಿಗೆ ಟೆಂಪ್ಲೇಟ್ ಮೇಲೆ ಇಷ್ಟು ನಂಬಿಕೆ ಬಂದದ್ದಾದರೂ ಎಲ್ಲಿಂದ? ನಮ್ಮ ಎಸ್‌ಎಸ್‌ಎಲ್‌ಸಿಯಿಂದಲೇ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು. ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಕಕ್ಕಿದವರೇ ನಾವೆಲ್ಲ, ಒಂದು ಇಡೀ ತಲೆಮಾರು. ಗ್ರಂಥಾಲಯದಿಂದ ಪ್ರಯೋಜನವಿಲ್ಲ ಎಂದು ವಾದಿಸಿ ನೋಡು ಎಂದು ಒಬ್ಬ ಮೇಷ್ಟ್ರೂ ಹೇಳಲಿಲ್ಲ. ಇಲ್ಲಿ ಕರ್ನಾಟಕದಲ್ಲಿ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ನಕಲು ಸಿಗುತ್ತದೆ, ಪ್ರಬಂಧಕ್ಕೆ ಆ ಅಂಕ ಯಾಕೆ ಬಂತೆಂಬ ವಿವರಣೆ ಸಿಗುವುದಿಲ್ಲ. ಇದೆಲ್ಲ ನಡೆಯುತ್ತಿರುವುದು ತಾಳಮದ್ದಳೆಯ ನಾಡಿನಲ್ಲಿ! ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರ ಪದ ಮುಗಿದದ್ದೇ ತಡ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ರಾಮನನ್ನು ನಿಲ್ಲಿಸಿ ಕೇಳುತ್ತಾನೆ. ರಾಮನ ಪಾತ್ರಧಾರಿ ಅಲ್ಲೇ, ಆ ಕ್ಷಣಕ್ಕೇ ಉತ್ತರ ಕಟ್ಟಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ಎದುರು ಕೂತರೆ ಯಾವ ಟೆಂಪ್ಲೇಟ್ ಕಾಯುತ್ತಿತ್ತು? ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಜನ ರಾತ್ರಿಯಿಡೀ ಕೂತು ಕೇಳಿದ ಈ ವಿದ್ಯೆ ನಮ್ಮ ಶಾಲೆಯ ಪ್ರಬಂಧದೊಳಗೆ ಕಾಲಿಡಲೇ ಇಲ್ಲ. ಹೋಗಲಿ, ಈ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಕೊಳ್ಳುವುದು ಸರಿಯಲ್ಲ.

ಅಷ್ಟಾಗಿಯೂ ಟ್ಯೂಟರ್ ಬೇಕೆನಿಸಿದರೆ ಹೀಗೆ ಆರಿಸಿ. ಕಾಲೇಜ್ ಬೋರ್ಡ್ ಪ್ರಕಟಿಸಿದ ಒಂದು ಉತ್ತರವನ್ನು ಅಂಕ ಮುಚ್ಚಿ ಅವರ ಕೈಗೆ ಕೊಡಿ, ಮೂರೂ ಸಾಲಿಗೆ ಅಂಕ ಹಾಕಲು ಹೇಳಿ. ಒಂದು ಅಂಕದ ವ್ಯತ್ಯಾಸ ಸಹಜ. 2 ಬರಬೇಕಾದಲ್ಲಿ 5 ಹಾಕಿದವರಿಗೆ ನಮಸ್ಕಾರ ಹೇಳಿ. ಮಗಳ ವಾಕ್ಯವನ್ನು ತಾವೇ ತಿದ್ದಿ ಚೆಂದ ಮಾಡಿಕೊಡುವವರೂ ಬೇಡ; ಪರೀಕ್ಷೆಯಲ್ಲಿ ಅವರು ಪಕ್ಕದಲ್ಲಿರುವುದಿಲ್ಲ. ಈಚೆಗೆ ಎಐಗೆ ಕೊಟ್ಟು ತಿದ್ದಿಸುವುದಕ್ಕೂ ಇದೇ ಮಾತು. ಪ್ರತಿ ತರಗತಿಯ ಕೊನೆಯ 20 ನಿಮಿಷ ಅವಳು ಒಂದು ಪ್ಯಾರಾ ಮತ್ತೆ ಬರೆಯಬೇಕು, ಅವರು ಸುಮ್ಮನಿರಬೇಕು. ಎರಡು ವಾರಕ್ಕೊಂದರಂತೆ ಆರೆಂಟು ತರಗತಿ ಸಾಕು. ಪ್ರೌಢಿಮೆಯ ಆ ಒಂದು ಅಂಕದ ಬೆನ್ನು ಹತ್ತುವುದು ಬೇಡ, ಮಧ್ಯದ ಸಾಲು ಗಟ್ಟಿಯಾಗಲಿ.

ಸಮಯದ ಲೆಕ್ಕವನ್ನೂ ರೂಢಿ ಮಾಡಿಸಿ: ಓದಲು 15 ನಿಮಿಷ, ಪ್ರತಿ ಪ್ರಬಂಧಕ್ಕೆ 40. ಆಕರಗಳ ಪ್ರಬಂಧದಲ್ಲಿ ಒಂದು ಆಕರಕ್ಕೆ ಒಂದು ಪ್ಯಾರಾ ಎಂದು ಸಾರಾಂಶ ಬರೆಯುತ್ತಾ ಹೋಗುವುದು ಎಲ್ಲರೂ ಮಾಡುವ ತಪ್ಪು. ಪ್ಯಾರಾದ ಮೊದಲ ವಾಕ್ಯ ಅವಳ ಮಾತಾಗಿರಲಿ. ಒಂದೇ ಪ್ಯಾರಾದಲ್ಲಿ ಎರಡು ಆಕರಗಳು ಜಗಳವಾಡಲಿ. ಮೂರನೆಯ ಪ್ರಬಂಧಕ್ಕೆ ಎಲ್ಲ ಮಕ್ಕಳೂ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸ್ಟೀವ್ ಜಾಬ್ಸ್‌ರನ್ನೇ ಎಳೆತರುತ್ತಾರೆ. ನಿಮ್ಮ ಮಗಳ ಹತ್ತಿರ ಬೇರೆ ಸರಕಿದೆ. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಕಡಿತ ನಿಲ್ಲಿಸಿದ ಅಪ್ಪಿಕೋ ಚಳವಳಿಯ ಕಥೆ ಹೇಳಿಕೊಡಿ, ಕನ್ನಡದಲ್ಲೇ. ಅಂಕ ಹಾಕುವವರಿಗೆ ಸಾಲ್ಕಣಿ ಗೊತ್ತಿರಬೇಕಿಲ್ಲ, ಒಂದು ವಾಕ್ಯದ ಪರಿಚಯ ಕೊಟ್ಟರಾಯಿತು. ಅದು ತನ್ನ ನಿಲುವಿಗೆ ಹೇಗೆ ಹೊಂದುತ್ತದೆ ಎಂದು ಮಾತ್ರ ಅವಳು ಎರಡು ವಾಕ್ಯ ಹೆಚ್ಚು ಬರೆಯಬೇಕು.

5 ಗ್ಯಾರಂಟಿ ಎನ್ನುವವರಿಗೆ ಒಂದೇ ಪ್ರಶ್ನೆ ಕೇಳಿ: ಬರದಿದ್ದರೆ ಹಣ ವಾಪಸು ಎಂದು ಬರೆದುಕೊಡುತ್ತೀರಾ? ಪತ್ರ ಹಾಕಿದ ಮೇಲೆ 20 ತರಗತಿಯ ಹಣ ಕಟ್ಟಿಬಿಟ್ಟಿದ್ದರೆ, ಮೊದಲ ಎಂಟರಲ್ಲಿ ಮೇಲೆ ಹೇಳಿದ್ದನ್ನು ಮಾಡಿಸಿಕೊಂಡು, ಉಳಿದ ಹನ್ನೆರಡನ್ನು ಗಣಿತಕ್ಕೆ ಬದಲಾಯಿಸಿ ಕೊಡಲು ಹೇಳಿ.