ಡಿಐ ನೀರಿಗೆ ತಾಮ್ರದ ಪೈಪ್ ಬೇಡ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸಣ್ಣ ರಕ್ತ ಪರೀಕ್ಷೆ ಲ್ಯಾಬ್ ನಡೆಸುತ್ತಿದ್ದೇನೆ. ಹೊಸ ಬಯೋಕೆಮಿಸ್ಟ್ರಿ ಅನಲೈಸರ್ ಬರುತ್ತಿದೆ, ಅದಕ್ಕೆ ಡಿಐ (ಡಿಅಯೊನೈಸ್ಡ್, ಅಂದರೆ ಲವಣ ತೆಗೆದ) ನೀರು ಬೇಕು. ಆ ನೀರು ತಯಾರಿಸುವ ಪ್ಲಾಂಟ್ ಹಿಂದಿನ ಶೆಡ್ಡಿನಲ್ಲಿ, ಅನಲೈಸರ್ ಮೊದಲ ಮಹಡಿಯಲ್ಲಿ. ನಡುವೆ ಸುಮಾರು 40 ಅಡಿ. ಪ್ಲಂಬರ್ ತಾಮ್ರದ ಪೈಪ್ ಹಾಕಿಸಿ ಅಂತಾರೆ, ಭಾಮೈದ ಜಿಐ (ಸತು ಲೇಪಿಸಿದ ಕಬ್ಬಿಣ) ಸಾಕು ಅಂತಾನೆ. ಯಾವುದು ಸರಿ ಸರ್?

ಉತ್ತರ: ಎರಡೂ ಬೇಡ. ತಾಮ್ರದ ಚೊಂಬಿನ ನೀರು ಒಳ್ಳೆಯದು ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನಿಮ್ಮ ಪ್ಲಂಬರ್ ಮನಸ್ಸಿನಲ್ಲೂ ಅದೇ ಇರಬೇಕು. ಆದರೆ ಅದು ಕುಡಿಯುವ ನೀರಿನ ಮಾತು. ಡಿಐ ನೀರಿನಲ್ಲಿ ಲವಣ ಇರುವುದೇ ಇಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿದರೆ ಸಾಕು, ಅದರ ಪಿಎಚ್ 5.5ರ ಹತ್ತಿರಕ್ಕೆ ಇಳಿಯುತ್ತದೆ. ಇಂಥ ನೀರು ತಾಮ್ರ, ಹಿತ್ತಾಳೆ, ಜಿಐ ಪೈಪಿನ ಸತು, ಅದರಡಿಯ ಕಬ್ಬಿಣ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕರಗಿಸಿಕೊಳ್ಳುತ್ತದೆ. ಸೀರಮ್ ಐರನ್ ಪರೀಕ್ಷೆಗೆ ಬಳಸುವ ನೀರಿನಲ್ಲೇ ಕಬ್ಬಿಣ ಇದ್ದರೆ ರಿಪೋರ್ಟ್ ಏನಾಗಬೇಕು ಹೇಳಿ?

ಹಾಸನದಲ್ಲಿ ಲ್ಯಾಬ್ ಮತ್ತು ಡಯಾಲಿಸಿಸ್ ನೀರಿನ ಪ್ಲಾಂಟ್ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಜಾಗದಲ್ಲಿ ನಾನಿದ್ದರೆ ಪಾಲಿಪ್ರೊಪಿಲೀನ್, ಅಂದರೆ ಪಿಪಿ ಪೈಪ್ ಹಾಕಿಸುತ್ತಿದ್ದೆ. ಬಿಸಿ ಮಾಡಿ ಬೆಸೆಯುವ ಪೈಪು ಅದು, ಅಂಟು ಬೇಕಿಲ್ಲ. ಯುಪಿವಿಸಿ ಕೂಡ ನಡೆಯುತ್ತದೆ, ಅಗ್ಗ. ಆದರೆ ಜೋಡಣೆಗೆ ಹಚ್ಚುವ ಸಲ್ಯೂಷನ್ ನೀರಿಗೆ ಇಳಿಯುತ್ತದೆ. ತೆಳುವಾಗಿ ಹಚ್ಚಿಸಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ತುಂಬಾ ಹೊತ್ತು ನೀರು ಹರಿಸಿ ಹೊರಗೆ ಚೆಲ್ಲಿ. 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದೇ, ಆದರೆ ನಿಮ್ಮ ಕೆಲಸಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ.

ಪೈಪಿಗಿಂತ ಜಾಸ್ತಿ ಮೋಸ ಹೋಗುವುದು ಫಿಟಿಂಗ್‌ನಲ್ಲಿ. ಅಂಗಡಿಯಲ್ಲಿ ಸಿಗುವ ಪಿಪಿಆರ್, ಸಿಪಿವಿಸಿ ಎಲ್ಬೋ, ಎಫ್‌ಟಿಎ, ಎಂಟಿಎಗಳಲ್ಲಿ (ಒಳ ಮತ್ತು ಹೊರ ಥ್ರೆಡ್‌ನ ಜೋಡಣೆ ತುಂಡುಗಳು) ಥ್ರೆಡ್ ಇರುವ ಕಡೆ ಒಳಗೆ ಹಿತ್ತಾಳೆ ಕೂರಿಸಿರುತ್ತಾರೆ. ಹೊರಗಿಂದ ಎಲ್ಲಾ ಪ್ಲಾಸ್ಟಿಕ್ಕೇ. ಒಂದೊಂದನ್ನೂ ಕೈಯಲ್ಲಿ ಹಿಡಿದು ಒಳಗೆ ನೋಡಿ. ಬಾಲ್ ವಾಲ್ವ್, ಪ್ರೆಷರ್ ಗೇಜ್, ಪಂಪಿನ ತಲೆ ಕೂಡ ಬಿಡಬೇಡಿ. ಕೊನೆಯಲ್ಲಿ ಅನಲೈಸರ್‌ಗೆ ಹೋಗುವ ತುಂಡಿಗೆ ಆರ್‌ಒ ಫಿಲ್ಟರಿನ ಪಾಲಿಎಥಿಲೀನ್ ಟ್ಯೂಬ್ ಸಾಕು. ಪಾರದರ್ಶಕ ಮೆತ್ತನೆ ಪೈಪ್ ಮಾತ್ರ ಬೇಡ. ಬೆಳಕು ಬಿದ್ದರೆ ಒಳಗೆ ಪಾಚಿ ಕಟ್ಟುತ್ತದೆ.

ಇನ್ನೊಂದು ಮಾತು, ನೀರು ಪೈಪಿನಲ್ಲಿ ನಿಲ್ಲಬಾರದು. ನಿಂತ ಕಡೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನೀರು ಎಷ್ಟೇ ಶುದ್ಧವಾಗಿದ್ದರೂ. ಮೇಲೆ ಹೋದ ಲೈನ್ ಅನಲೈಸರ್ ಪಕ್ಕ ಹಾದು ಮತ್ತೆ ಟ್ಯಾಂಕಿಗೆ ವಾಪಸ್ ಬರಲಿ. ಪಂಪ್ ಓಡುತ್ತಲೇ ಇರಲಿ. ಲೈನಿನಿಂದ ಮಷಿನ್‌ಗೆ ಕವಲು ಆದಷ್ಟು ಗಿಡ್ಡ ಇರಲಿ. ಮುಂದೆ ಬೇಕಾಗಬಹುದು ಅಂತ ಸುಮ್ನೆ ಟೀ (ಕವಲು ತೆಗೆಯುವ ಫಿಟಿಂಗ್) ಹಾಕಿ ಮುಚ್ಚಿಟ್ಟರೆ, ಆ ಮೂಲೆಯಲ್ಲೇ ಮೊದಲು ಬೆಳೆಯುವುದು.

ಪಿಪಿ ಪೈಪ್ ಬಿಸಿಲಿಗೆ ಚೆನ್ನಾಗಿ ಹಿಗ್ಗುತ್ತದೆ. 40 ಅಡಿ ಪೈಪ್ 10 ಡಿಗ್ರಿ ಬಿಸಿಯಾದರೆ ಸುಮಾರು 18 ಮಿಲಿಮೀಟರ್ ಉದ್ದ ಆಗುತ್ತದೆ. ಕ್ಲಾಂಪ್ ಬಿಗಿದು ಕೂರಿಸಿದರೆ ಪೈಪ್ ಬಾಗುತ್ತದೆ. ಹೊರಗೋಡೆಯ ಮೇಲೆ ಹೋಗುವ ಭಾಗಕ್ಕೆ ಬಿಸಿಲು ತಾಗದಂತೆ ಹೊದಿಕೆ ಹಾಕಿಸಿ.

ಸಾಮಾನ್ಯವಾಗಿ ಇಂಥ ಅನಲೈಸರ್‌ಗಳು ನೀರಿನ ವಾಹಕತೆ (ವಿದ್ಯುತ್ ಹರಿಯಬಿಡುವ ಗುಣ, ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಸೆಂಟಿಮೀಟರಿಗೆ 1 ಮೈಕ್ರೋಸೀಮನ್ಸ್‌ಗಿಂತ ಕಡಿಮೆ ಕೇಳುತ್ತವೆ. ನಿಮ್ಮ ಮಷಿನ್ನಿನ ಪುಸ್ತಕ ಒಮ್ಮೆ ನೋಡಿಕೊಳ್ಳಿ. ವಾಹಕತೆ ಅಳೆಯುವ ಮೀಟರ್ ಒಂದು ಪ್ಲಾಂಟಿನ ಬಾಯಲ್ಲಿ, ಇನ್ನೊಂದು ಅನಲೈಸರ್ ಹತ್ತಿರ, ಎರಡೂ ಪೈಪಿನೊಳಗೇ ಇರಲಿ. ಬೀಕರಿನಲ್ಲಿ ಹಿಡಿದು ಅಳೆದರೆ ಗಾಳಿ ಸೇರಿ ರೀಡಿಂಗ್ ಏರುತ್ತದೆ, ಸುಮ್ನೆ ಗಾಬರಿ ಆಗುತ್ತೀರಿ. ಎರಡು ಮೀಟರುಗಳ ನಡುವೆ ವ್ಯತ್ಯಾಸ ಬಂದರೆ ಪ್ಲಾಂಟಿನವರನ್ನು ಕರೆಯುವ ಮೊದಲು ನಡುವಿನ ಫಿಟಿಂಗ್‌ಗಳನ್ನು ಬಿಚ್ಚಿಸಿ ನೋಡಿ.